ಭಾವನ ವರ್ಗಕ್ಕೆ ನಾನು ಬರೆದ ಅರ್ಜಿ

ಮುಳಬಾಗಿಲಿನ ತಂಡ ಸೋತ ದಿನ ಆಡಿದ ಐವರಿಗಿಂತ ಕೂತು ನೋಡಿದ ನಮಗೇ ಹೆಚ್ಚು ದಣಿವಾಗುತ್ತಿತ್ತು. ಆಡಿದವರು ಕೈಕಾಲು ತೊಳೆದುಕೊಂಡು ಮನೆಗೆ ಹೋಗಿ ಉಂಡು ಮಲಗುತ್ತಿದ್ದರು. ನಾವು ಮಾತ್ರ ಒಂದು ವಾರ ಅದೇ ಆಟವನ್ನು ಬಾಯಲ್ಲಿ ಮತ್ತೆ ಮತ್ತೆ ಆಡಿ ಪ್ರತಿಸಲವೂ ಗೆಲ್ಲುತ್ತಿದ್ದೆವು. ಯಾರನ್ನು ಮುಂದೆ ನಿಲ್ಲಿಸಬೇಕಿತ್ತು, ಯಾರನ್ನು ಹಿಂದಕ್ಕೆ ಹಾಕಬೇಕಿತ್ತು, ಯಾರು ಈ ಊರಿಗೆ ಬರಲೇಬಾರದಿತ್ತು ಎಂಬುದೆಲ್ಲ ಆಟ ಮುಗಿದ ಮರುಗಳಿಗೆಯೇ ನಮಗೆ ಹೊಳೆದುಬಿಡುತ್ತಿತ್ತು.

ಆಟವೆಂದರೆ ಬಾಲ್ ಬ್ಯಾಡ್ಮಿಂಟನ್. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಹಳದಿ ಉಣ್ಣೆಯ ಚೆಂಡು, ನಡುವೆ ಬಲೆ, ಒಂದೊಂದು ಕಡೆಗೆ ಐದೈದು ಜನ. ಇಬ್ಬರು ಬಲೆಯ ಹತ್ತಿರ, ಇಬ್ಬರು ಹಿಂದೆ, ಇವರೆಲ್ಲರ ನಡುವೆ ಒಬ್ಬ. ಆ ನಡುವಿನವನಿಗೆ ಸೆಂಟರ್ ಎನ್ನುತ್ತಿದ್ದರು. ತಾಲ್ಲೂಕು ಕಚೇರಿಯ ಹಿಂದಿನ ಬಯಲಿಗೆ ಕೆಮ್ಮಣ್ಣು ಹಾಕಿ, ಸಗಣಿಯಲ್ಲಿ ಸಾರಿಸಿ, ಸುಣ್ಣದ ಗೆರೆ ಎಳೆದಿದ್ದರು. ಪಕ್ಕದಲ್ಲಿ ಒಂದು ಹೊಂಗೆಮರ, ಅದರ ಬುಡದಲ್ಲಿ ಉದ್ದನೆಯ ಚಪ್ಪಡಿ ಕಲ್ಲು. ಕಚೇರಿ ಮುಗಿದ ಮೇಲೆ ಆಡುವವರು ಅಂಗಳಕ್ಕೆ ಇಳಿಯುತ್ತಿದ್ದರು, ನಾವು ಕಲ್ಲಿನ ಮೇಲೆ ಕೂರುತ್ತಿದ್ದೆವು.

ಈಗಿನವರಿಗೆ ಒಂದು ವಿಷಯ ಹೇಳಬೇಕು. ನಮ್ಮ ತಂಡವನ್ನು ಯಾರೂ ಆರಿಸುತ್ತಿರಲಿಲ್ಲ. ಆಡುವವರೆಲ್ಲ ಸರ್ಕಾರದ ನೌಕರರು. ಒಬ್ಬ ಶೇಕ್‌ದಾರ, ಒಬ್ಬ ಅಂಚೆಯವನು, ಒಬ್ಬ ಮೇಷ್ಟ್ರು, ಹೀಗೆ. ಅವರು ಬರುವುದೂ ಹೋಗುವುದೂ ಕೋಲಾರದಿಂದ ಬರುವ ವರ್ಗದ ಹುಕುಮಿನಿಂದ. ಮಾಲೂರಿನ ತಂಡ, ಶ್ರೀನಿವಾಸಪುರದ ತಂಡ, ಎಲ್ಲದರ ಕಥೆಯೂ ಇದೇ. ಒಳ್ಳೆಯ ಆಟಗಾರ ಬಂದರೆ ಊರಿನ ಪುಣ್ಯ, ಹೋದರೆ ಊರಿನ ಕರ್ಮ. ಹೊಸ ಗುಮಾಸ್ತ ಬಸ್ಸಿನಿಂದ ಇಳಿದಾಗ ಅವನ ಹಾಸಿಗೆ ಸುರುಳಿಯ ಜೊತೆ ಬ್ಯಾಟು ಕಾಣುತ್ತದೆಯೋ ಇಲ್ಲವೋ ಎಂದು ನಾವು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೆವು. ಅವನಿಗೆ ಲೆಕ್ಕ ಬರುತ್ತದೆಯೋ ಇಲ್ಲವೋ ಎಂಬುದು ತಾಲ್ಲೂಕಿನ ಯಜಮಾನರಾದ ಅಮಲ್ದಾರರ ತಲೆನೋವು. ಒಂದು ವರ್ಷ ಊರೂರು ತಿರುಗಿ ದೇವಿ ಹಾಕುತ್ತಿದ್ದ ಲಸಿಕೆಯವನು ನಮ್ಮಲ್ಲಿದ್ದ. ಅವನ ಸರ್ವಿಸನ್ನು ಎತ್ತುವವರು ಇಡೀ ಜಿಲ್ಲೆಯಲ್ಲಿ ಇರಲಿಲ್ಲ. ಅವನನ್ನು ಮಾಲೂರಿಗೆ ಎತ್ತಿ ಹಾಕಿ, ಅವನ ಜಾಗಕ್ಕೆ ಬಗ್ಗಿದರೆ ಏಳಲು ಇನ್ನೊಬ್ಬರ ಕೈ ಬೇಕಾಗುವಂಥ ಒಬ್ಬರನ್ನು ಕಳಿಸಿದರು. ಆ ಅನ್ಯಾಯವನ್ನು ನಾನು ಇಂದಿಗೂ ಮರೆತಿಲ್ಲ.

ಬಂದವನನ್ನು ಆಟದಿಂದ ಬಿಡಿಸಿ ಕೂರಿಸುವ ಪದ್ಧತಿಯೂ ನಮ್ಮಲ್ಲಿ ಇರಲಿಲ್ಲ. ಅಂಗಳಕ್ಕೆ ಇಳಿದವನು ವರ್ಗವಾಗುವ ತನಕ ಆಡುತ್ತಿದ್ದ. ಇಷ್ಟು ವರ್ಷ ಆಡಿದ ಮರ್ಯಾದಸ್ಥನ ಮುಖ ನೋಡಿ, ನಾಳೆಯಿಂದ ನೀವು ಬರಬೇಡಿ ಎಂದು ಹೇಳುವುದು ಹೇಗೆ. ಹಿಂದಿನಿಂದ ಏನು ಬೇಕಾದರೂ ಆಡಿಕೊಳ್ಳುತ್ತಿದ್ದೆವು, ಎದುರಿಗೆ ಮಾತ್ರ ಬಾಯಿಗೆ ಬೀಗ.

ನಾನು ಆಗ ಊರಿನ ಶಾಲೆಯಲ್ಲಿ ಮೇಷ್ಟ್ರು. ವಯಸ್ಸು ಇಪ್ಪತ್ತಮೂರು. ಇದ್ದದ್ದು ಅಕ್ಕನ ಮನೆಯಲ್ಲಿ. ಅಪ್ಪ ಅಮ್ಮ ಬೇಗ ಹೋಗಿದ್ದರಿಂದ ಅಕ್ಕನೇ ನನ್ನನ್ನು ಸಾಕಿದವಳು. ಅವಳಿಗೆ ಮಕ್ಕಳಿರಲಿಲ್ಲ. ಭಾವ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು, ನೌಕರರ ಕಾಗದಪತ್ರವೆಲ್ಲ ಅವರ ಮೇಜಿನ ಮೇಲೆ. ನನಗೆ ಅಕ್ಷರ ದುಂಡಗೆ ಬರೆಯುವುದನ್ನು ಕಲಿಸಿದವರು ಅವರೇ. ಮತ್ತು ಮುಳಬಾಗಿಲಿನ ಸೆಂಟರ್ ಕೂಡ ಅವರೇ.

ಒಂಬತ್ತು ವರ್ಷದಲ್ಲಿ ಐದು ಸಲ ವರ್ಗವಾಗಿ ಅಕ್ಕ ರೋಸಿಹೋಗಿದ್ದಳು. ಪಾತ್ರೆಗಳನ್ನು ಹುಲ್ಲಿನಲ್ಲಿ ಸುತ್ತಿ ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು. ಮುಳಬಾಗಿಲಿನಲ್ಲಿ ನಾಲ್ಕು ವರ್ಷ ನಿಂತಿದ್ದೇ ಅವಳಿಗೆ ದೊಡ್ಡ ಭಾಗ್ಯವಾಗಿತ್ತು. ಬಾಡಿಗೆ ಮನೆಯೇ ಆದರೂ ಹಿತ್ತಿಲಲ್ಲಿ ಸಿಹಿನೀರಿನ ಬಾವಿ, ಅವಳು ನೆಟ್ಟ ನುಗ್ಗೆ, ಕಟ್ಟಿಹಾಕಿದ ಒಂದು ಎಮ್ಮೆ. ಅವಳ ಆಸೆ ಒಂದೇ. ನನ್ನ ಮದುವೆ ಆ ಮನೆಯಲ್ಲೇ ಆಗಬೇಕು, ಸೊಸೆಯಂಥ ಒಬ್ಬಳು ಬಂದು ನಾವು ನಾಲ್ವರೂ ಅಲ್ಲೇ ಇರಬೇಕು. ಒಂದು ದಿನ ನನಗೆ ಬಡಿಸುತ್ತಾ ಅಂದಳು: “ನಿನ್ನ ಚಪ್ಪರ ಈ ಬಾಗಿಲಿಗೇ ಹಾಕಿಸ್ತೀನಿ ಕಣೋ. ಅದೊಂದು ಆಗೋವರ್ಗೂ ಯಾರೂ ನನ್ನನ್ನ ಇಲ್ಲಿಂದ ಎತ್ತಬಾರ್ದು.” ನಾನು ಹೂಂಗುಟ್ಟಿ ಇನ್ನೊಂದು ಮುದ್ದೆ ಹಾಕಿಸಿಕೊಂಡೆ.

ಹೀಗೆ ಉಂಡು ಎದ್ದು ಹೋಗಿ ಹೊಂಗೆಮರದ ಕೆಳಗೆ ಕೂತು ನಾನು ಮಾಡುತ್ತಿದ್ದದ್ದು ಭಾವನ ಆಟದ ಟೀಕೆ. ಅವರಿಗೆ ಮೂವತ್ತೆಂಟು ದಾಟಿತ್ತು, ಬಲಗಾಲಿನ ಮಂಡಿ ಹಿಡಿದುಕೊಳ್ಳುತ್ತಿತ್ತು. ಮೊದಲಾದರೆ ಎರಡು ಹೆಜ್ಜೆಗೆ ಸಿಗುತ್ತಿದ್ದ ಚೆಂಡನ್ನು ಈಗ ಬಿಟ್ಟುಬಿಡುತ್ತಿದ್ದರು. ಕಲ್ಲಿನ ಮೇಲೆ ನಮಗೆಲ್ಲ ಹಿರಿಯರೆಂದರೆ ಪಿಂಚಣಿಯಾದ ಹೆಡ್‌ಮೇಷ್ಟ್ರು. ಅವರ ಪಕ್ಕ ಬಸ್ ನಿಲ್ಲುವ ಕಡೆ ಕಾಫಿ ಹೋಟೆಲ್ ಇಟ್ಟಿದ್ದವನು. ಅವನು ನಂಗಲಿ ಕಡೆಯವನು, ಸಿಟ್ಟು ಬಂದರೆ ತೆಲುಗಿಗೆ ಇಳಿಯುತ್ತಿದ್ದ. “ಬಾಲು ವಸ್ತಾನೇ ವುಂದಿ, ಆಯಪ್ಪ ಚೂಸ್ತಾನೇ ವುಂಡಾಡು” ಎಂದು ಹಣೆ ಚಚ್ಚಿಕೊಳ್ಳುತ್ತಿದ್ದ. ಚೆಂಡು ಬರುತ್ತಲೇ ಇದೆ, ಆತ ನೋಡುತ್ತಲೇ ಇದ್ದಾನೆ ಎಂದು ಅವನ ಅಳಲು. ಎಲ್ಲರೂ ನಕ್ಕರೆ ನಾನೂ ನಗುತ್ತಿದ್ದೆ. ನಕ್ಕು ಸುಮ್ಮನಿರದೆ, ಇವರನ್ನು ಹಿಂದಕ್ಕೆ ಹಾಕಿದರೂ ಪ್ರಯೋಜನವಿಲ್ಲ ಎಂದು ಕಾರಣ ಸಮೇತ ವಿವರಿಸುತ್ತಿದ್ದೆ. ತನ್ನ ಭಾವನೇ ಆದರೂ ಪಕ್ಷಪಾತವಿಲ್ಲದ ಮನುಷ್ಯ ಎಂದು ಹೆಡ್‌ಮೇಷ್ಟ್ರು ನನ್ನ ಬೆನ್ನು ತಟ್ಟಿದ್ದರು. ಅದು ನನ್ನ ತಲೆಗೇರಿತ್ತು.

ಆ ವರ್ಷ ಕೋಲಾರದಲ್ಲಿ ತಾಲ್ಲೂಕು ತಾಲ್ಲೂಕುಗಳ ನಡುವೆ ಶೀಲ್ಡಿಗಾಗಿ ಆಟ ಇಟ್ಟಿದ್ದರು. ನಾವು ಒಂದು ಬಸ್ಸು ತುಂಬ ಹೋದೆವು. ಮಾಲೂರನ್ನು ಸೋಲಿಸಿದೆವು. ಶ್ರೀನಿವಾಸಪುರದ ಮುಂದೆ ಮಣ್ಣು ಮುಕ್ಕಿದೆವು. ಅವರ ಸೆಂಟರ್ ಇಪ್ಪತ್ತಾರರ ಹುಡುಗ, ಅಲ್ಲಿನ ತಾಲ್ಲೂಕು ಕಚೇರಿಯ ಗುಮಾಸ್ತ, ಎಡಗೈಯವನು. ಅವನ ಹೊಡೆತ ಎಲ್ಲಿಂದ ಬಂದು ಎಲ್ಲಿ ಬೀಳುತ್ತಿತ್ತೋ ದೇವರಿಗೇ ಗೊತ್ತು. ಭಾವ ಎರಡು ಸಲ ಮುಗ್ಗರಿಸಿದರು. ಕೊನೆಯ ಚೆಂಡು ಅವರ ಮಂಡಿಯ ಪಕ್ಕದಲ್ಲೇ ಬಿತ್ತು.

ವಾಪಸು ಬರುವ ಬಸ್ಸಿನಲ್ಲಿ ಭಾವ ಮುಂದೆ ಡ್ರೈವರನ ಹಿಂದೆ ಕೂತಿದ್ದರು, ನಾವು ಹಿಂದೆ. ಪಿಸುಮಾತಿನಲ್ಲೇ ನ್ಯಾಯ ತೀರ್ಮಾನವಾಯಿತು. ಆ ಎಡಗೈಯವನು ನಮಗೆ ಬೇಕು. ಅವನೂ ಗುಮಾಸ್ತ, ಇವರೂ ಗುಮಾಸ್ತರು, ದರ್ಜೆ ಒಂದೇ, ಸಂಬಳ ಒಂದೇ. ಅದಲು ಬದಲು ಮಾಡಿದರೆ ಸರ್ಕಾರಕ್ಕೇನು ನಷ್ಟ ಎಂದರು ಹೆಡ್‌ಮೇಷ್ಟ್ರು. ಡೆಪ್ಯುಟಿ ಕಮಿಷನರಿಗೆ ಅರ್ಜಿ ಹಾಕಿದರಾಯಿತು.

ಮುಂದಿನ ಭಾನುವಾರ ಮಧ್ಯಾಹ್ನ ಹೋಟೆಲಿನ ಹಿಂದಿನ ಕೋಣೆಯಲ್ಲಿ ಸೇರಿದೆವು. ಮೂಗರ್ಜಿ ಹಾಕಿ ದೂರು ಹೇಳೋಣ ಎಂದು ಯಾರೋ ಅಂದರು. ಹೆಡ್‌ಮೇಷ್ಟ್ರು ಕೆಂಡವಾದರು. ಅಂಥ ಸಜ್ಜನನ ಮೇಲೆ ಸುಳ್ಳು ದೂರು ಬರೆದರೆ ಕೈಗೆ ಹುಳ ಬೀಳುತ್ತದೆ, ನಾವು ಆ ಜಾತಿಯ ಜನವಲ್ಲ ಎಂದರು. ದೂರಬಾರದು, ಹೊಗಳಬೇಕು. ಹೊಗಳಿಯೇ ಕಳಿಸಬೇಕು. ಇದು ಎಲ್ಲರಿಗೂ ಬಹಳ ಹಿಡಿಸಿತು. ಅಕ್ಷರ ಯಾರದು ಚೆನ್ನಾಗಿದೆ ಎಂದು ನೋಡಿದಾಗ ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು.

ನನಗೆ ಅಕ್ಕನ ಮಾತು ನೆನಪಾಗಲಿಲ್ಲವೆಂದರೆ ಸುಳ್ಳು. ನೆನಪಾಯಿತು. ಆದರೆ ಅರ್ಜಿ ಹಾಕಿದ ಮಾತ್ರಕ್ಕೆ ಯಾರಿಗಾದರೂ ವರ್ಗವಾಗಿದ್ದನ್ನು ನಾನು ಕಂಡಿರಲಿಲ್ಲ. ಬಾವಿ ತೋಡಿಸಿ ಎಂದು ಊರಿನವರು ಹಾಕಿದ ಅರ್ಜಿಗೇ ಉತ್ತರ ಬಂದಿರಲಿಲ್ಲ. ಇದೂ ಅದರ ಜೊತೆ ಹೋಗಿ ಮಲಗುತ್ತದೆ ಅಂದುಕೊಂಡೆ. ಜೊತೆಗೆ ಆ ಎಡಗೈಯವನು ನಮ್ಮ ಅಂಗಳದಲ್ಲಿ ಆಡುವುದನ್ನು ಮನಸ್ಸಿನಲ್ಲೇ ನೋಡಿ ಬಾಯಲ್ಲಿ ನೀರೂರುತ್ತಿತ್ತು. ಇಷ್ಟೇ ನನ್ನ ಸಮರ್ಥನೆ. ಇದಕ್ಕಿಂತ ದೊಡ್ಡದು ಯಾವುದೂ ಇಲ್ಲ.

ಹೆಡ್‌ಮೇಷ್ಟ್ರು ಹೇಳಿದರು, ನಾನು ಬರೆದೆ. ಸದರಿ ಗುಮಾಸ್ತರು ರೈತರ ಕಾಗದವನ್ನು ಒಂದು ದಿನವೂ ತಡಮಾಡದವರು. ಬಡವರು ಬಂದರೆ ಕೂರಿಸಿ ಮಾತಾಡಿಸುವವರು. ಓದು ಬಾರದವರಿಗೆ ತಾವೇ ಕಾಗದ ಬರೆದುಕೊಡುವವರು. ಇಂಥವರ ಸೇವೆ ಒಂದೇ ತಾಲ್ಲೂಕಿಗೆ ಮೀಸಲಾಗದೆ ಶ್ರೀನಿವಾಸಪುರದ ಪ್ರಜೆಗಳಿಗೂ ದೊರೆಯಬೇಕಾದ್ದು ನ್ಯಾಯ. ಅವರ ಜಾಗಕ್ಕೆ ಅಲ್ಲಿನ ಇಂಥ ಗುಮಾಸ್ತರನ್ನು ದಯಪಾಲಿಸಬೇಕು. ಹನ್ನೊಂದು ಜನ ರುಜು ಹಾಕಿದರು. ನಾನು ಹಾಕಲಿಲ್ಲ. ಮನೆಯವನ ರುಜುವಿಗೆ ತೂಕವಿರುವುದಿಲ್ಲ ಎಂದು ಅವರೇ ಬಿಟ್ಟರು, ನಾನೂ ಬಚಾವಾದೆ ಅಂದುಕೊಂಡೆ. ಹೋಟೆಲಿನವನು ಲಕೋಟೆಯನ್ನು ಕುರುಡುಮಲೆಗೆ ಒಯ್ದು ಗಣಪತಿಯ ಮುಂದಿಟ್ಟು ಮಂಗಳಾರತಿ ಮಾಡಿಸಿ ಆಮೇಲೆ ಅಂಚೆಗೆ ಹಾಕಿದ.

ಮೂರು ತಿಂಗಳು ಏನೂ ಆಗಲಿಲ್ಲ. ನಾಲ್ಕನೆಯ ತಿಂಗಳು ಒಂದು ಸಂಜೆ ಭಾವ ಆಡಲು ಹೋಗದೆ ನೇರವಾಗಿ ಮನೆಗೆ ಬಂದು ಕೋಟು ಕಳಚಿ ಗೂಟಕ್ಕೆ ಹಾಕಿ, ಶ್ರೀನಿವಾಸಪುರಕ್ಕೆ ಆಗಿದೆ ಎಂದರು. ಅಕ್ಕ ಒಲೆಯ ಮುಂದೆ ಕೂತಿದ್ದವಳು ಏಳಲಿಲ್ಲ. ಕೂತಲ್ಲಿಂದಲೇ ಯಾರು ಮಾಡಿಸಿದ್ದು ಎಂದು ಕೇಳಿದಳು. ಸರ್ಕಾರ ಎಂದರು ಭಾವ. ಅವಳು ಆ ದಿನ ಅತ್ತದ್ದು ನನಗೆ ಅಡುಗೆಮನೆಯ ಗೋಡೆಯ ಈಚೆಗೆ ಕೇಳಿಸಿತು. ಹೋಗಿ ಹೇಳಿಬಿಡಬೇಕು ಅನ್ನಿಸಿತು. ಹೋಗಲಿಲ್ಲ.

ಎಮ್ಮೆಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿದರು. ಪಾತ್ರೆಗಳು ಮತ್ತೆ ಹುಲ್ಲಿನೊಳಗೆ ಹೋದವು. ಬಸ್ಸು ಹೊರಡುವಾಗ ಹೊಂಗೆಮರದ ಕಲ್ಲಿನವರೆಲ್ಲ ಬಂದು ಭಾವನಿಗೆ ಹಾರ ಹಾಕಿದರು. ಹೆಡ್‌ಮೇಷ್ಟ್ರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ನಾನು ಶಾಲೆ ಬಿಟ್ಟು ಹೋಗುವ ಹಾಗಿರಲಿಲ್ಲ, ಹೋಟೆಲಿನ ಮೇಲಿದ್ದ ಒಂದು ಕೋಣೆಗೆ ಪೆಟ್ಟಿಗೆ ಸಾಗಿಸಿದೆ. ಆಮೇಲೆ ನಾವು ಮೂವರೂ ಒಂದೇ ಸೂರಿನಡಿ ಬಾಳಲೇ ಇಲ್ಲ. ನನ್ನ ಮದುವೆಯೂ ಹೆಣ್ಣಿನ ಕಡೆಯವರ ಊರಾದ ಟೇಕಲ್ಲಿನಲ್ಲಿ ಆಯಿತು.

ಎಡಗೈಯವನು ಬಂದ. ಹಾಸಿಗೆ ಸುರುಳಿಯ ಜೊತೆ ಎರಡು ಬ್ಯಾಟು ತಂದಿದ್ದ. ಒಂದು ತಿಂಗಳು ನಾವು ನೆಲದ ಮೇಲೆ ನಡೆಯಲಿಲ್ಲ. ಎರಡನೆಯ ತಿಂಗಳು ಗೊತ್ತಾಯಿತು, ಅವನು ತನ್ನ ಚೆಂಡನ್ನು ಮಾತ್ರ ಆಡುತ್ತಾನೆ. ಮುಂದಿನವರು ಬಿಟ್ಟದ್ದು, ಹಿಂದಿನವರಿಗೆ ಎಟುಕದ್ದು ಅವನಿಗೆ ಸಂಬಂಧವಿಲ್ಲ. ಭಾವ ಓಡುತ್ತಿರಲಿಲ್ಲ, ನಿಜ. ಆದರೆ ಚೆಂಡು ಬರುವ ಜಾಗದಲ್ಲಿ ಮೊದಲೇ ನಿಂತಿರುತ್ತಿದ್ದರು, ಉಳಿದ ನಾಲ್ವರಿಗೂ ಬಾಯಲ್ಲಿ ಹೇಳಿ ಜಾಗ ತೋರಿಸುತ್ತಿದ್ದರು. ನಾವು ಇಷ್ಟು ವರ್ಷ ಅವರ ಮಂಡಿಯನ್ನು ನೋಡುತ್ತಾ ಕೂತಿದ್ದೆವೇ ಹೊರತು ಅವರು ನಿಂತ ಜಾಗವನ್ನು ನೋಡಿರಲಿಲ್ಲ. ಎಡಗೈಯವನನ್ನು ಹಿಂದೆ ಬಲಮೂಲೆಗೆ ಹಾಕಿದ್ದರೆ ಸರಿಹೋಗುತ್ತಿತ್ತು ಎಂದು ನಾನು ಈಗಲೂ ವಾದಿಸಬಲ್ಲೆ. ಆಗ ವಾದಿಸಲು ಬಾಯಿ ಬರಲಿಲ್ಲ. ಮಾಲೂರಿನವರ ಮುಂದೆಯೂ ಸೋತ ಸಂಜೆ ಹೆಡ್‌ಮೇಷ್ಟ್ರೇ ಕಲ್ಲಿನ ಮೇಲೆ ಕೂತು, ಅಂಥ ಸೆಂಟರನ್ನು ಬಿಟ್ಟುಕೊಟ್ಟ ಮಹಾನುಭಾವ ಯಾರಪ್ಪ ಎಂದು ಎಲ್ಲರನ್ನೂ ಕೇಳಿದರು. ಯಾರೂ ನಗಲಿಲ್ಲ.

ಬೇಸಿಗೆ ರಜೆಗೆ ನಾನು ಶ್ರೀನಿವಾಸಪುರಕ್ಕೆ ಹೋದೆ. ಮಾವು ಬರುವ ಕಾಲ, ಬೀದಿಯಲ್ಲೆಲ್ಲ ಅದರ ವಾಸನೆ. ಭಾವ ಆಟದ ಅಂಗಳದಲ್ಲಿರುತ್ತಾರೆ ಎಂದು ಅಕ್ಕ ಅಂದದ್ದರಿಂದ ನೇರವಾಗಿ ಅಲ್ಲಿಗೇ ಹೋದೆ. ಅವರು ಅಂಗಳದ ಒಳಗಿರಲಿಲ್ಲ. ಹೊರಗೆ ಬೆಂಚಿನ ಮೇಲೆ, ಆ ಊರಿನ ನೋಡುವವರ ಜೊತೆ ಕೂತು ಪಾಯಿಂಟು ಬರೆಯುತ್ತಿದ್ದರು. ಬಂದ ವಾರವೇ ಬ್ಯಾಟನ್ನು ಒಬ್ಬ ಹೊಸ ಮೇಷ್ಟ್ರಿಗೆ ಕೊಟ್ಟುಬಿಟ್ಟರಂತೆ.

ಆಟ ಮುಗಿದು ಇಬ್ಬರೂ ಮನೆಯ ಕಡೆ ನಡೆಯುವಾಗ ಅವರು ಹೇಳಿದ್ದನ್ನು ನಾನು ಮರೆಯುವಂತಿಲ್ಲ. ಡೆಪ್ಯುಟಿ ಕಮಿಷನರ ಕಚೇರಿಗೆ ಹೋದ ಅರ್ಜಿ ಅಲ್ಲೇ ಕೂರಲಿಲ್ಲ. ವರದಿ ಬೇಕೆಂದು ನಮ್ಮ ಅಮಲ್ದಾರರಿಗೇ ಬಂತು. ಅಮಲ್ದಾರರಿಗೆ ಬಂದ ನೌಕರರ ಕಾಗದವೆಲ್ಲ ಯಾರ ಮೇಜಿಗೆ ಬರಬೇಕೋ ಆ ಮೇಜಿಗೇ ಬಂತು. ನಿನ್ನ ವಿಷಯ, ನೀನೇ ಕರಡು ಬರೆ ಎಂದು ಅಮಲ್ದಾರರು ನಕ್ಕರಂತೆ. ಇಡೀ ಹೊಂಗೆಮರದ ಕೆಳಗಿದ್ದ ಬುದ್ಧಿವಂತರಲ್ಲಿ ಒಬ್ಬನಿಗೂ ಇದು ಹೊಳೆದಿರಲಿಲ್ಲ. ದಿನಾ ಕಚೇರಿಯ ಹಿಂದೆ ಕೂರುತ್ತಿದ್ದವರು ನಾವು.

“ಮೊದಲನೇ ಸಾಲಿಗೇ ನಿನ್ನ ಅಕ್ಷರ ಅಂತ ಗೊತ್ತಾಯ್ತು,” ಎಂದರು ಭಾವ. “ಯಾಕೆ ಬರೆದಿದ್ದು ಅಂತಾನೂ ಗೊತ್ತಾಯ್ತು.”

ನಾನು ಏನೋ ಹೇಳಲು ಹೊರಟೆ. ಅವರು ಕೈಯಲ್ಲೇ ತಡೆದರು.

“ಮಂಡಿ ನಂದು. ನನಗೆ ಗೊತ್ತಿರ್ಲಿಲ್ವೇನೋ? ಊಟಕ್ಕೆ ಕೂತಾಗ ಒಂದು ಮಾತು, ಭಾವ ಇನ್ನು ಸಾಕು ಬಿಡಿ ಅಂದಿದ್ರೆ, ನಾನೇ ಬ್ಯಾಟು ಕೆಳಗಿಡ್ತಿದ್ದೆ ಕಣೋ. ನಿನ್ನ ಪಕ್ಕ ಕಲ್ಲಿನ ಮೇಲೆ ಕೂತು ಆಟ ನೋಡ್ಕೊಂಡಿರ್ತಿದ್ದೆ.”

ಮತ್ತೆ ಆ ವರದಿಯಲ್ಲಿ ಆಗಬಹುದು ಎಂದು ಯಾಕೆ ಬರೆದಿರಿ ಎಂದು ಕೇಳಿದೆ.

“ಬೇಡ ಅಂತ ಬರೆಯೋಕೆ ಲೇಖನಿ ತೆಗೆದಿದ್ದೆ. ನಿನಗೇ ನಾನು ಬೇಡ ಅಂದ್ಮೇಲೆ ಆ ಊರಲ್ಲಿ ಇರೋಕೆ ಮನಸ್ಸು ಬರ್ಲಿಲ್ಲ,” ಎಂದರು.

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಮನೆ ಹತ್ತಿರ ಬಂದಾಗ ನಿಂತು, ನಿಮ್ಮಕ್ಕನಿಗೆ ಬೇರೆ ಥರ ಹೇಳಿದ್ದೇನೆ, ನೀನು ಬಾಯಿಬಿಡಬೇಡ ಎಂದರು. ಊರಿನವರು ಮೆಚ್ಚಿ ಬರೆದ ಕಾಗದದಿಂದಲೇ ವರ್ಗವಾಯಿತು ಎಂದು ಅವಳಿಗೆ ತಿಳಿಸಿದ್ದರಂತೆ. ಅದನ್ನು ಕೇಳಿದ ಮೇಲೆಯೇ ಅವಳ ಅಳು ನಿಂತದ್ದು.

ಅಕ್ಕ ಬಾಗಿಲಲ್ಲೇ ಇದ್ದಳು. ಕಾಲು ತೊಳೆಯಲು ನೀರು ಕೊಟ್ಟು, ಹಣ್ಣು ಹೆಚ್ಚಿಟ್ಟು, ನಾನು ಇನ್ನೂ ತಿನ್ನುತ್ತಿರುವಾಗಲೇ ಪೆಟ್ಟಿಗೆಯಿಂದ ಒಂದು ಕಾಗದ ತೆಗೆದು ತಂದಳು. ಅರ್ಜಿಯ ನಕಲು. ಭಾವ ತಮ್ಮ ಅಕ್ಷರದಲ್ಲೇ ಅದನ್ನು ಬರೆದುಕೊಂಡಿದ್ದರು. ಅಕ್ಕನಿಗೆ ಓದು ಅಷ್ಟಾಗಿ ಬಾರದು, ಆದರೆ ನನ್ನ ಅಕ್ಷರವನ್ನು ಕಂಡರೆ ಅವಳು ಗುರುತು ಹಿಡಿಯದೆ ಬಿಡುತ್ತಿರಲಿಲ್ಲ.

“ಓದೋ ಸ್ವಲ್ಪ. ಇವರನ್ನ ಕೇಳಿದ್ರೆ ನಾಚ್ಕೋತಾರೆ. ಊರಿನೋರು ಏನೇನು ಬರೆದಿದ್ದಾರೆ ಪೂರ್ತಿ ಕೇಳ್ಬೇಕು ನಾನು.”

ಭಾವ ಜಗಲಿಯ ಕಂಬಕ್ಕೆ ಒರಗಿ ಬೀದಿಯ ಕಡೆ ಮುಖ ಮಾಡಿ ಕೂತರು. ಇನ್ನೂ ಬೆಳಕಿತ್ತು. ನಾನು ಓದಿದೆ. ರೈತರ ಕಾಗದವನ್ನು ಒಂದು ದಿನವೂ ತಡಮಾಡದವರು ಎಂಬಲ್ಲಿಗೆ ಬಂದಾಗ ಅಕ್ಕ ತಡೆದು, ಅದನ್ನು ಇನ್ನೊಂದು ಸಲ ಓದು ಎಂದಳು. ಓದಿದೆ. ಓದು ಬಾರದವರಿಗೆ ತಾವೇ ಬರೆದುಕೊಡುವವರು. ಅದನ್ನೂ ಎರಡು ಸಲ ಓದಿಸಿದಳು. ಒಂದೊಂದು ಮಾತೂ ನಿಜವಾಗಿತ್ತು. ಹೋಟೆಲಿನ ಕೋಣೆಯಲ್ಲಿ ನಗುನಗುತ್ತಾ ಬರೆದಾಗ ಅದು ನಿಜ ಎಂದು ನಾನು ಒಂದು ಕ್ಷಣವೂ ಯೋಚಿಸಿರಲಿಲ್ಲ. ಮನೆ, ಬಾವಿ, ಎಮ್ಮೆ ಎಲ್ಲ ಬಿಟ್ಟು ಬಂದದ್ದಕ್ಕೆ ಇನ್ನು ತನಗೆ ಬೇಸರವಿಲ್ಲ, ಇವರ ಬೆಲೆ ಒಂದು ಊರಿಗಾದರೂ ಗೊತ್ತಾಯಿತಲ್ಲ ಎಂದಳು.

ಕೊನೆಯ ಸಾಲಿಗೆ ಬಂದಾಗ ನನಗೆ ಕಣ್ಣು ತುಂಬಿ ಅಕ್ಷರ ಕಾಣದಾಯಿತು. ಅಕ್ಕ ನನ್ನ ಮುಖ ನೋಡಿದಳು. ತನ್ನ ಸೆರಗಿನಿಂದ ನನ್ನ ಕಣ್ಣು ಒರೆಸಿ, ಭಾವನ ಕಡೆ ತಿರುಗಿ, “ನೋಡಿದ್ರಾ, ಇವನಿಗೆ ನಿಮ್ಮ ಮೇಲೆ ಎಷ್ಟೊಂದು ಅಭಿಮಾನ,” ಎಂದಳು. ಭಾವ ಬೀದಿಯ ಕಡೆಯೇ ನೋಡುತ್ತಾ ಹೌದು ಎಂದರು.